ಕನ್ನಡಿಯ ಹಣೆ

ಮೋಡ ಬರಲಿಲ್ಲ. ಬೆಳಗಿನಿಂದ ಸುಧ ಹಿತ್ತಲಿಗೆ ಹೋದಾಗ, ಅಂಗಳಕ್ಕೆ ಬಂದಾಗ, ಹಿಪ್ಪುನೇರಳೆ ಸಾಲಿನಲ್ಲಿ ಸೊಪ್ಪು ಕೊಯ್ಯುತ್ತ ಸೊಂಟ ನೆಟ್ಟಗೆ ಮಾಡಿಕೊಂಡಾಗಲೆಲ್ಲ ಕತ್ತೆತ್ತಿ ನೋಡಿದಳು. ಹೋದ ವಾರವೆಲ್ಲ ದಿನಾ ಸಂಜೆ ಕೆ.ಆರ್. ಪೇಟೆಯ ಕಡೆಯಿಂದ ಎದ್ದು ಬಂದು ದೀಪಾವಳಿಯ ಪಟಾಕಿಗಳನ್ನೆಲ್ಲ ತೋಯಿಸಿ ಹೋಗಿದ್ದ ಮೋಡ ಇವತ್ತು ಎಲ್ಲಿ ಅಡಗಿತ್ತೋ. ಆಕಾಶ ಬೆಳಗಿ ಬೋರಲು ಹಾಕಿದ ತಟ್ಟೆಯಂತಿತ್ತು. ಆದಿಚುಂಚನಗಿರಿಯ ದಿಕ್ಕಿನಲ್ಲಿ ಹತ್ತಿಯ ಎಳೆಯಷ್ಟು ಬಿಳಿ ಕಂಡಿತು. ಅದನ್ನೇ ನಂಬಿಕೊಂಡು ಎರಡು ಸಾಲು ಕೊಯ್ದು ಮತ್ತೆ ನೋಡುವಷ್ಟರಲ್ಲಿ ಅದೂ ಕರಗಿ ಹೋಗಿತ್ತು. ದೇವರನ್ನು ಕೇಳಿಕೊಳ್ಳುವುದಕ್ಕೂ ಅವಳಿಗೆ ಅಂಜಿಕೆ. ಮೋಡ ಕೊಡಪ್ಪ ಎಂದರೆ ಯಾಕೆ ಎಂದು ಕೇಳಿಯಾನು. ಯಾಕೆ ಎಂಬುದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ, ಒಳಗೊಳಗೇ ತನಗೂ ಪೂರ್ತಿ ವಾಕ್ಯದಲ್ಲಿ ಹೇಳಿಕೊಂಡಿರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನಾಗಾರ್ಜುನ ಸಾರ್ ಮಾತಾಡಿ ಕಳಿಸಿದ್ದು ಬಂದಿತ್ತು. ಅವರು ಬರೆಯುವವರಲ್ಲ, ಮಾತಾಡಿಯೇ ಕಳಿಸುವವರು. ಹಿಂದುಗಡೆ ಲೇತು ತಿರುಗುವ ಸದ್ದು ಇದ್ದೇ ಇರುತ್ತಿತ್ತು. "ಸುಧ, ಸಂಜೆ ಬರ್ತಾ ಇದೀನಿ ಕಣಮ್ಮ. ಐದಕ್ಕೆಲ್ಲ ಶೀಟು ಸರಿಸಿ ಮುಚ್ಚಳ ತೆಗೆದುಬಿಡು, ಕನ್ನಡಿ ತಣ್ಣಗಾಗ್ಲಿ. ಇವತ್ತು ಫೋಟೋ ನಾನು ತೆಗೆಯಲ್ಲ, ನೀನೇ ತೆಗೀಬೇಕು. ನಿನ್ನ ಮೊಟ್ಟೆ ಹಾಳೆ." ಅವಳು ಅದನ್ನು ಹಚ್ಚಿ ಹಚ್ಚಿ ಕೇಳಿದಳು. ಅವರಿಗೆ ಗೊತ್ತಾಗಿದೆಯೇ ಎಂಬುದನ್ನು ಆ ದನಿಯೊಳಗೆ ಹುಡುಕಿದಳು. ಗೊತ್ತಾಗುವ ಬಗೆ ಇರಲಿಲ್ಲ. ದನಿಯಲ್ಲಿ ಇದ್ದದ್ದು ಖುಷಿ ಮಾತ್ರ, ಅದೇ ತಡೆಯಲಾರದ್ದು.

ನಾಗಾರ್ಜುನ ಸಾರ್ ಬಾಬುರಾಯನಕೊಪ್ಪಲಿನವರು. ಅಲ್ಲಿ ರಸ್ತೆ ಪಕ್ಕದಲ್ಲೇ ಅವರ ಲೇತ್ ವರ್ಕ್‌ಶಾಪು. ಹೆದ್ದಾರಿಯ ದೀಪಗಳು ಬಂದು ಅಲ್ಲಿಯ ಆಕಾಶ ಹಾಳಾಯಿತೆಂದು ಅವರು ಕತ್ತಲೆ ಹುಡುಕಿಕೊಂಡು ಪಾಂಡವಪುರ ದಾಟಿ, ನಾಗಮಂಗಲ ದಾಟಿ, ಕೊನೆಗೆ ಇವರ ಹೊಲದ ಪಕ್ಕದ ಬೋಳು ಬಂಡೆಯನ್ನು ಕಂಡುಹಿಡಿದಿದ್ದರು. ಬಂಡೆ ದೊಡ್ಡಪ್ಪ ಹುಚ್ಚಯ್ಯನದು. ಏನೂ ಬೆಳೆಯದ ಜಾಗಕ್ಕೆ ಯಾರೋ ಕತ್ತಲೆಗಾಗಿ ಬಂದಿದ್ದಾರೆ ಎಂದು ಊರೆಲ್ಲ ನಕ್ಕಿತ್ತು. ಅಲ್ಲಿ ತಗಡಿನ ಶೆಡ್ಡು ಎದ್ದಿತು. ಅದರ ಶೀಟು ಹಳಿಯ ಮೇಲೆ ಉರುಳಿ ಪಕ್ಕಕ್ಕೆ ಸರಿಯುತ್ತಿತ್ತು. ಒಳಗೆ ಕಬ್ಬಿಣದ ತೊಟ್ಟಿಲಿನಂಥದರಲ್ಲಿ ಆಳೆತ್ತರದ ದೂರದರ್ಶಕ, ಸುತ್ತ ಕಪ್ಪು ಬಟ್ಟೆಯ ಲಂಗ ತೊಟ್ಟುಕೊಂಡು ನಿಂತಿತು. ಅದರ ಬುಡದ ಪೆಟ್ಟಿಗೆಯಲ್ಲಿ ಮೊರದಗಲದ ಕನ್ನಡಿ. ಒಂದೂವರೆ ವರ್ಷ ಡ್ರಮ್ಮಿನ ಮೇಲಿಟ್ಟುಕೊಂಡು, ಅದರ ಸುತ್ತ ನಡೆಯುತ್ತ ನಡೆಯುತ್ತ ಅವರೇ ಕೈಯಲ್ಲಿ ತಿಕ್ಕಿ ತಗ್ಗು ಮಾಡಿದ ಗಾಜು ಅದು. ಮೇಲೆ ಉಸಿರು ತಾಗಿದರೂ ಮಂಕಾಗುವಂಥ ತೆಳ್ಳನೆಯ ಬೆಳ್ಳಗಿನ ಲೇಪ. ಮೊದಲ ದಿನವೇ ಅವರು ಹೇಳಿದ್ದು ಒಂದೇ ಮಾತು. ಎಲ್ಲ ಮುಟ್ಟು, ಕಬ್ಬಿಣ ಒರೆಸು, ನೆಲ ಗುಡಿಸು, ಇದನ್ನು ಮಾತ್ರ ಮುಟ್ಟಬೇಡ. ಧೂಳು ಕೂತರೂ ಕೂರಲಿ, ಬಟ್ಟೆ ತಾಗಿಸಬೇಡ. ಸುಧ ತಲೆಯಾಡಿಸಿದ್ದಳು. ಅವಳಿಗೆ ಅದು ಹೊಸತಲ್ಲ. ರೇಷ್ಮೆ ಹುಳುಮನೆಯೊಳಕ್ಕೆ ಹೋಗುವಾಗ ಕಾಲು ತೊಳೆದು, ಹೂ ಮುಡಿಯದೆ, ಪೌಡರು ಹಚ್ಚದೆ ಹೋಗುವ ಅಭ್ಯಾಸವೇ ಇದಕ್ಕೂ ಬಂತು. ನೋಡಿ, ಇವಳಿಗೆ ಹೇಳಿಕೊಡಬೇಕಾಗಿಲ್ಲ ಎಂದು ಅವರು ಅವ್ವನ ಮುಂದೆ ಹೇಳಿ ಶೆಡ್ಡಿನ ಬೀಗದ ಕೈ ಕೊಟ್ಟು ಹೋಗಿದ್ದರು. ಕೆಂಪು ದಾರ ಪೋಣಿಸಿದ ಆ ಬೀಗದ ಕೈಯನ್ನು ಅವಳು ಅಪ್ಪನ ಫೋಟೋ ಪಕ್ಕದ ಮೊಳೆಗೆ ತೂಗುಹಾಕಿದ್ದಳು. ಮನೆಯಲ್ಲಿ ಅವಳದು ಅಂತ ಇದ್ದ ವಸ್ತು ಅದೊಂದೇ. ಇವತ್ತು ಸಂಜೆ ಅದು ಹೋಗುತ್ತದೆ. ಬೆಳಗಿನಿಂದ ನಾಲ್ಕಾರು ಸಲ ಅವಳು ಆ ಮೊಳೆಯನ್ನು, ದಾರವಿಲ್ಲದ ಬರೀ ಮೊಳೆಯಾಗಿ, ಮನಸ್ಸಿನಲ್ಲೇ ನೋಡಿದ್ದಳು.

ಸೊಪ್ಪಿನ ಹೊರೆ ಇಳಿಸಿ ನೀರು ಕುಡಿಯುವಾಗ ಫೋನಿನಲ್ಲಿ 'ಸಾರ್ ಇವತ್ತು ಬರಬೇಡಿ' ಎಂದು ಒತ್ತಿ ಅಳಿಸಿದಳು. 'ಸಾರ್ ಮೋಡ ಇದೆ' ಎಂದು ಒತ್ತಿದಳು. ಒತ್ತಿದ್ದನ್ನು ಹಿಡಿದುಕೊಂಡು ಅಂಗಳಕ್ಕೆ ಬಂದು, ಸುಳ್ಳನ್ನು ಆಕಾಶಕ್ಕೆ ತೋರಿಸುವವಳಂತೆ ನಿಂತಳು. ಅದನ್ನೂ ಅಳಿಸಿದಳು. ಹಲ್ಲಿ ಬಿದ್ದಿತ್ತು ಸಾರ್ ಎನ್ನಬಹುದು. ಇಲಿ ಅನ್ನಬಹುದು. ಇಲಿಗೆ ಕುಂಕುಮ ಎಲ್ಲಿ ಸಿಗುತ್ತದೆ. ನಾನೇ ಮಾಡಿದ್ದು ಸಾರ್ ಎನ್ನಬಹುದು. ಅದರಲ್ಲಿ ಅರ್ಧ ನಿಜವೂ ಹೌದು. ಆದರೆ ಆ ಮೂರು ಪದಗಳು ಬಾಯಿಗೆ ಬರುವ ಹೊತ್ತಿಗೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಯಾರೋ ಸಾಹೇಬರು ಬಂದು ಸಾಲಾಗಿ ಮಕ್ಕಳನ್ನು ಎಬ್ಬಿಸಿ ಹೆಸರು, ತಂದೆಯ ಹೆಸರು ಕೇಳುತ್ತಿದ್ದರು. ಅಪ್ಪ ತೀರಿಹೋಗಿ ಆಗ ತಿಂಗಳೂ ಆಗಿರಲಿಲ್ಲ. ಸುಧ ಎಂದಳು. ಚಲುವಯ್ಯ ಎನ್ನಬೇಕು, ಅಷ್ಟೇ. ಬಾಯಿ ತೆರೆದೇ ಇತ್ತು. ತೀರಿಹೋದವರ ಹೆಸರನ್ನು ಇದ್ದವರ ಹಾಗೆ ಹೇಳಬೇಕೋ ಬೇರೆ ಥರ ಹೇಳಬೇಕೋ ಎಂದು ಅವಳು ನೋಡುತ್ತಿದ್ದಳು. ಅಪ್ಪನ ಹೆಸರು ಗೊತ್ತಿಲ್ಲವೇನಮ್ಮ ಎಂದು ಸಾಹೇಬರು ಕನಿಕರದಿಂದಲೇ ಕೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಮರುದಿನ ಹೊಟ್ಟೆನೋವು ಎಂದು ಮಲಗಿದಳು. ಅದರ ಮರುದಿನ ಸೊಪ್ಪು ಕೊಯ್ಯಲು ಅವ್ವನ ಜೊತೆ ಹೋದಳು. ಸ್ಕೂಲು ಬಿಟ್ಟದ್ದು ಅಂತ ಒಂದು ದಿನ ಇಲ್ಲ. ಯಾರೂ ಕೇಳದೆ ಇದ್ದುದರಿಂದ ಅದು ತಾನಾಗಿ ಆಗಿಹೋಯಿತು.

ಮೊಟ್ಟೆ ಹಾಳೆ ಎಂದದ್ದು ಮಾತ್ರ ಅವಳ ಬಾಯಿಂದ ತಾನಾಗಿ ಬಂದ ಮಾತು. ಶೆಡ್ಡು ಎದ್ದ ಹೊಸತರಲ್ಲಿ ಒಂದು ಸಂಜೆ ಸಾರ್ ಅವಳನ್ನು ಕರೆದು ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷತ್ರಗುಚ್ಛ ತೋರಿಸಿದ್ದರು. ಬರಿಗಣ್ಣಿಗೆ ಏನೂ ಇಲ್ಲದ ನೆತ್ತಿಯ ಜಾಗದಲ್ಲಿ ಲಕ್ಷಾಂತರ ನಕ್ಷತ್ರಗಳು ಒಟ್ಟಿಗೆ ಕೂತಿವೆ ಎಂದರು. ನಡುವೆ ಒತ್ತೊತ್ತಾಗಿ, ಅಂಚಿಗೆ ಬರುಬರುತ್ತ ಚದುರಿ, ಕೊನೆಗೆ ಒಂದೊಂದೇ. ಚಿಟ್ಟೆ ತನ್ನ ಸುತ್ತ ತಾನೇ ತಿರುಗುತ್ತ ಹಾಳೆಯ ಮೇಲೆ ಇಡುವ ರೇಷ್ಮೆ ಮೊಟ್ಟೆ ಹೀಗೇ ಇರುತ್ತದೆ. ಮೊಟ್ಟೆ ಹಾಳೆ ಇದ್ದಂಗೈತೆ ಎಂದಳು, ತನಗೇ ಎಂಬಂತೆ. ಸಾರ್ ತಿರುಗಿ ನೋಡಿದರು. ತಪ್ಪಾಯಿತೇನೋ ಎಂದು ಅವಳು ಎದ್ದು ನಿಂತಿದ್ದಳು. ಅವರು ಗಟ್ಟಿಯಾಗಿ ನಕ್ಕು, ಅಲ್ಲ ಕಣಮ್ಮ, ಇಪ್ಪತ್ತು ವರ್ಷದಿಂದ ಇದನ್ನ ನೋಡ್ತಾ ಇದೀನಿ, ಸಕ್ಕರೆ ಚೆಲ್ಲಿದಂಗೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ, ಇನ್ಮೇಲೆ ಮೊಟ್ಟೆ ಹಾಳೇನೇ ಎಂದರು. ಅವತ್ತು ಮನೆಗೆ ಬಂದು ಮುದ್ದೆ ಮುರಿಯುವಾಗಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು. ತಾನು ಆಡಿದ ಮಾತನ್ನು ಇನ್ನೊಬ್ಬರು ಇಟ್ಟುಕೊಳ್ಳುವುದು ಎಂದರೆ ಏನು ಎಂಬುದು ಅವಳಿಗೆ ಮೊದಲ ಸಲ ಗೊತ್ತಾಗಿತ್ತು.

ಐದು ಗಂಟೆಗೆ ಶೆಡ್ಡಿನ ಬೀಗ ತೆಗೆದು, ಕಾಲು ತೊಳೆದು, ಹಗ್ಗ ಎಳೆದು ಶೀಟು ಸರಿಸಿದಳು. ಹಳಿಯ ಮೇಲೆ ಅದು ಗುಡುಗಿನಂತೆ ಉರುಳಿತು. ಆ ಗುಡುಗೊಂದೇ ಇವತ್ತಿನ ಮಳೆ. ಕಪ್ಪು ಬಟ್ಟೆಯ ಜಿಪ್ಪು ಬಿಚ್ಚಿ, ಒಳಗೆ ಕೈ ಹಾಕಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ನೋಡಬಾರದು ಅಂದುಕೊಂಡಿದ್ದಳು, ನೋಡಿದಳು. ಕೆಳಗಿನಿಂದ ಅವಳ ಮುಖ ಊದಿಕೊಂಡು ಎದ್ದು ಬಂತು. ಕನ್ನಡಿಯ ಮೇಲೆ ಕುಂಕುಮದ ಬೊಟ್ಟು ಇದ್ದ ಜಾಗ ಈಗ ಕೆಂಪಗಿರಲಿಲ್ಲ. ಹೋದ ವಾರ ಬೂದಿ ಬಣ್ಣವಾಗಿತ್ತು, ಈಗ ಬಣ್ಣವೇ ಇಲ್ಲ. ಬೆಳ್ಳಗಿನ ಲೇಪ ತಿಂದುಹೋಗಿ ಬರೀ ಗಾಜು ಉಳಿದು, ಅದರ ಆಚೆಗೆ ಪೆಟ್ಟಿಗೆಯ ಹಲಗೆಯ ಎಳೆಗಳು ಕಾಣುತ್ತಿದ್ದವು. ಸುತ್ತ ಒಂದು ಕೆಂಪು ಅಂಚು. ಅಲ್ಲಿಂದ ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಗೀರುಗಳು ಬಲಕ್ಕೆ ಹರಡಿದ್ದವು. ಗೀರುಗಳು ಅವಳವು, ಬೊಟ್ಟು ಅವ್ವನದು. ತಲೆಯನ್ನು ಸ್ವಲ್ಪ ಆಚೆ ಸರಿಸಿದಾಗ ಆ ತೂತು ಸರಿಯಾಗಿ ಅವಳ ಹಣೆಯ ಮೇಲೆ ಬಂದು ನಿಂತಿತು.

ಬೊಟ್ಟು ಬಿದ್ದ ದಿನ ದೊಡ್ಡಪ್ಪನ ಅಂಗಳದಲ್ಲಿ ಟ್ರಾಕ್ಟರು, ಬೈಕು, ಸೊಪ್ಪಿನ ಕತ್ತಿ, ಕುಡುಗೋಲು ಎಲ್ಲ ಮಿಂದು ವಿಭೂತಿ ಪಟ್ಟೆ ಬಳಿದುಕೊಂಡು ನಿಂತಿದ್ದವು. ಆಯುಧಪೂಜೆ. ಬೂದುಗುಂಬಳ ಒಡೆದ ಮೇಲೆ ದೊಡ್ಡಮ್ಮ ದೊಡ್ಡತಾಯಮ್ಮ ಕುಂಕುಮದ ತಟ್ಟೆ ಹಿಡಿದು ಹೆಂಗಸರ ಸಾಲಿನಲ್ಲಿ ಬಂದಳು. ಸುಧ ನೋಡುತ್ತಿದ್ದಳು. ನೋಡುವುದೇ ಅವಳ ಕೆಲಸ. ತಟ್ಟೆ ಒಬ್ಬೊಬ್ಬರ ಮುಂದೆ ನಿಲ್ಲುತ್ತಿತ್ತು, ಬೆರಳು ಹಣೆಗೆ ಹೋಗುತ್ತಿತ್ತು, ತಟ್ಟೆ ಮುಂದೆ ಹೋಗುತ್ತಿತ್ತು. ಅವ್ವನ ಹತ್ತಿರ ಬಂದಾಗ ಅದು ನಿಲ್ಲಲಿಲ್ಲ. ಯಾರೂ ಇಳಿಯದ ಊರನ್ನು ಬಸ್ಸು ದಾಟಿ ಹೋಗುವಂತೆ ಹೋಯಿತು, ಅಷ್ಟೇ. ದಾಟುವುದು ಸಲೀಸಾಗಲಿ ಎಂದು ಅವ್ವನೇ ಅರ್ಧ ಹೆಜ್ಜೆ ಹಿಂದಕ್ಕೆ ಸರಿದು ಜಾಗ ಬಿಟ್ಟಿದ್ದಳು. ಆ ಅರ್ಧ ಹೆಜ್ಜೆಯನ್ನು ಸುಧ ನೋಡಿದಳು. ಆಮೇಲೆ ತಟ್ಟೆ ತನ್ನ ಮುಂದೆ ನಿಂತಾಗ ಬೆರಳು ಅದ್ದಿ ಇಟ್ಟುಕೊಂಡಳು ಕೂಡ. ಬೇಡ ಎನ್ನಬಹುದಿತ್ತು.

ಊಟವಾದ ಮೇಲೆ ಅವ್ವ ಬಾಗಿಲಲ್ಲಿ ಕೂತು ಬಂಡೆಯ ಕಡೆ ನೋಡಿ ಹೇಳಿದ್ದಳು. "ಊರ ಚಕ್ರಕ್ಕೆಲ್ಲ ಪೂಜೆ ಆಯ್ತು. ಆ ಸಾಮಿ ಯಂತ್ರ ಮಾತ್ರ ಬರಿ ಮೈಲಿ ನಿಂತದೆ ನೋಡವ್ವ." ಬಾಗಿಲಿಗೆ ಒಂದು ಹೂ ಇಟ್ಟು ಬರುವ ಎಂದು ಸುಧ ಒಪ್ಪಿದಳು. ಅವ್ವ ದಾಸವಾಳ, ಚೊಂಬಿನಲ್ಲಿ ನೀರು, ಎರಡು ಊದುಕಡ್ಡಿ ತಂದಳು. ಸೆರಗಿನ ಗಂಟಿನಲ್ಲಿ ಕಾಗದದ ಮಡಿಕೆಯೊಳಗೆ ಕುಂಕುಮ ಇತ್ತೆಂದು ಸುಧಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು. ಊದುಕಡ್ಡಿಯನ್ನು ಹೊರಗೇ ಬಂಡೆಯ ಸಂದಿಗೆ ಸಿಕ್ಕಿಸುವಂತೆ ಮಾಡಿದಳು, ಹೊಗೆ ಆಗದು ಎಂದು. ಹೂವನ್ನು ಕಬ್ಬಿಣದ ತೊಟ್ಟಿಲಿನ ಮೇಲೆ ಇಡಿಸಿದಳು. ಅಲ್ಲಿಗೆ ಮುಗಿದಿತ್ತು. ಅವ್ವ ಕೈಮುಗಿದು ತಿರುಗಿಯೂ ಆಗಿತ್ತು. ಯಾರಿಗೂ ಏನನ್ನೂ ತೋರಿಸಲು ಇಲ್ಲದ ಸುಧಳಿಗೆ ಆಗ, ಎಲ್ಲ ಬಿಟ್ಟು ಆಗ, ತೋರಿಸುವ ಆಸೆ ಹುಟ್ಟಿತು. ಕಪ್ಪು ಬಟ್ಟೆಯ ಜಿಪ್ಪು ಬಿಚ್ಚಿ ಮುಚ್ಚಳ ಎತ್ತಿ, ಇಲ್ಲಿ ಬಗ್ಗಿ ನೋಡವ್ವ ಎಂದಳು. ಅವ್ವ ಬಗ್ಗಿದಳು. ಅವಳ ಮುಖ ಮೊರದಷ್ಟಗಲವಾಗಿ ಎದ್ದು ಬಂತು. ಮೊದಲು ನಕ್ಕಳು. "ಅಯ್ಯೋ, ಯಾರವ್ವ ಇವ್ಳು, ಇಷ್ಟ್ ದಪ್ಪುಕ್ಕವ್ಳೆ." ಆಮೇಲೆ ನಗು ನಿಂತಿತು. ಮನೆಯ ಕನ್ನಡಿ ಅಂಗೈಯಗಲದ್ದು, ಅದರಲ್ಲಿ ಮುಖ ತುಂಡು ತುಂಡಾಗಿ ಕಾಣುತ್ತದೆ. ತಲೆ ಬಾಚುವಾಗ ಬೈತಲೆ ಮಾತ್ರ. ಇಷ್ಟು ದೊಡ್ಡ ಹಣೆಯನ್ನು, ಅದರ ತುಂಬ ಏನೂ ಇಲ್ಲದಿರುವುದನ್ನು, ಅಪ್ಪ ಹೋದ ಮೇಲೆ ಅವಳು ನೋಡಿಯೇ ಇರಲಿಲ್ಲವೋ ಏನೋ. ಅವ್ವನ ಕೈ ಸೆರಗಿನ ಗಂಟು ಬಿಚ್ಚಿತು. ಉಂಗುರದ ಬೆರಳು ಚೊಂಬಿಗೆ ಹೋಯಿತು, ಕಾಗದಕ್ಕೆ ಹೋಯಿತು, ಕೆಳಗೆ ಇಳಿಯಿತು. ಕೆಳಗಿನಿಂದ ಇನ್ನೊಂದು ಬೆರಳು ಏರಿ ಬಂದು ಅದಕ್ಕೆ ತಾಗಿತು. ಅವ್ವ ತನ್ನ ಹಣೆಗೆ ಇಟ್ಟುಕೊಳ್ಳಲಿಲ್ಲ. ಕನ್ನಡಿಯಲ್ಲಿದ್ದವಳ ಹಣೆಗೆ ಇಟ್ಟಳು. ಇಟ್ಟು, ಸ್ವಲ್ಪ ಹಿಂದೆ ಸರಿದು, ಸರಿಯಾಗಿದೆಯೇ ಎಂದು ತಲೆಯನ್ನು ಓರೆ ಮಾಡಿ ನೋಡಿದಳು.

ಅವ್ವ ಎಂಬ ಒಂದು ಮಾತು ಸಾಕಾಗಿತ್ತು. ಬೆರಳು ಚೊಂಬಿನಲ್ಲಿದ್ದಾಗಲೇ ಅಂದಿದ್ದರೆ ನಿಲ್ಲುತ್ತಿತ್ತು. ಎಂದಿನಂತೆ ದನಿ ಬರಲಿಲ್ಲ ಎಂದು ಸುಧ ಇಷ್ಟು ದಿನವೂ ತನಗೆ ಹೇಳಿಕೊಂಡಿದ್ದಳು. ಆದರೆ ಸ್ಕೂಲಿನಲ್ಲಿ ದನಿ ಹುಡುಕಿದರೂ ಸಿಕ್ಕಿರಲಿಲ್ಲ. ಕನ್ನಡಿಯ ಮುಂದೆ ಹಾಗೇನೂ ಆಗಿರಲಿಲ್ಲ. ದನಿ ಅಲ್ಲೇ ಇತ್ತು. ಅದನ್ನು ಅವಳು ಹಿಡಿದುಕೊಂಡಿದ್ದಳು. ಕನ್ನಡಿಯೊಳಗಿನ ಆ ಹೆಂಗಸನ್ನು ಇನ್ನೊಂದು ಗಳಿಗೆ ನೋಡುವ ಆಸೆ ಅವಳಿಗೂ ಇತ್ತು. ಮಾರನೇ ಬೆಳಿಗ್ಗೆ ಒಬ್ಬಳೇ ಬಂದು, ಒಣಗಿದ ಬೊಟ್ಟನ್ನು ವೇಲಿನ ತುದಿ ಒದ್ದೆ ಮಾಡಿ ಒರೆಸಿದಳು. ಕುಂಕುಮದ ಕಣಗಳು ಮರಳಿನಂತೆ ಎಳೆದುಕೊಂಡು ಬಂದವು. ಒರೆಸಿದಷ್ಟೂ ಗೀರು, ಗೀರಿದಷ್ಟೂ ಕೈ ಮತ್ತಷ್ಟು ಒತ್ತಿತು. ಮುಚ್ಚಳ ಹಾಕಿ ಮನೆಗೆ ಬಂದು ವೇಲು ಒಗೆದು ಹಾಕಿದಳು. ತಂತಿಯ ಮೇಲಿನ ಕೆಂಪು ಕಲೆ ನೋಡಿ ಅವ್ವ ವೇಲನ್ನು ಕಲೆ ಒಳಗಾಗುವಂತೆ ಮಗುಚಿ ಹಾಕಿದಳು.

ಸಾರ್ ಕಾರು ಬಂಡೆಯ ಬುಡಕ್ಕೆ ಬಂದಾಗ ಪಡುವಣದಲ್ಲಿ ಇನ್ನೂ ಕೆಂಪಿತ್ತು. ಹಬ್ಬದ ಬಗ್ಗೆ, ಹುಳು ಪೊರೆ ಬಿಡುವ ಯಾವ ಜ್ವರದಲ್ಲಿವೆ ಎನ್ನುವುದರ ಬಗ್ಗೆ, ಗೂಡಿನ ರೇಟಿನ ಬಗ್ಗೆ ಅವರು ಕೇಳುತ್ತಲೇ ಕ್ಯಾಮರಾ ಕೂರಿಸಿದರು, ವೈರು ಸಿಕ್ಕಿಸಿದರು. ಅವಳು ಹೂಂ, ಇಲ್ಲ ಎಂದಳು. ಕಪ್ಪು ಬಟ್ಟೆಯೊಳಗೆ ಅವರು ಇಣುಕಲಿಲ್ಲ. ಇಣುಕುವುದನ್ನು ಎಂದೋ ಬಿಟ್ಟಿದ್ದರು. ಕನ್ನಡಿ ನಿನ್ನ ಜವಾಬ್ದಾರಿ ಎಂದು ಒಂದು ಸಲ ಹೇಳಿದ ಮೇಲೆ ಅವರು ಪರೀಕ್ಷೆ ಮಾಡುವವರಲ್ಲ. ಇಣುಕಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಕತ್ತಲೆ ಇಳಿಯಿತು. ತೆಳ್ಳನೆಯ ಚಂದ್ರ ಮುಳುಗಿದ. ತೆಂಕಣದಲ್ಲಿ ಪಾಂಡವಪುರದ ಕಡೆಯ ಬೆಳಕು ಮಸುಕಾಗಿ ನಿಂತಿತು, ಉಳಿದದ್ದೆಲ್ಲ ನಕ್ಷತ್ರ. ಸಾರ್ ಕತ್ತೆತ್ತಿ ನೋಡಿ, ಇಂಥ ಆಕಾಶ ಈ ವರ್ಷ ಮತ್ತೆ ಸಿಗಲ್ಲ ಕಣಮ್ಮ ಎಂದರು.

ಆಮೇಲೆ ಅವಳನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. ಮೋಟಾರು ಸಣ್ಣಗೆ ಗುಂಯ್‌ಗುಟ್ಟುತ್ತ ದೂರದರ್ಶಕವನ್ನು ನೆತ್ತಿಗೆ ತಿರುಗಿಸಿತು. ಹತ್ತಿರದ ಒಂದು ದೊಡ್ಡ ನಕ್ಷತ್ರವನ್ನು ಮೊದಲು ಪರದೆಯ ಮೇಲೆ ತಂದು, ಫೋಕಸ್ಸಿನ ತಿರುಪನ್ನು ಅವಳ ಕೈಗೆ ಕೊಟ್ಟರು. ಸರಿ ಮಾಡಬೇಕಾದರೆ ಮೊದಲು ಕೆಡಿಸಬೇಕು, ಎಷ್ಟು ಕೆಡುತ್ತೆ ಅಂತ ಗೊತ್ತಾದರೇನೆ ಸರಿ ಯಾವುದು ಅಂತ ಗೊತ್ತಾಗೋದು ಎಂದು ವಿವರಿಸಿದರು. ಅವಳಿಗೆ ಗೊತ್ತಿತ್ತು. ಅವರು ಮಾಡುವುದನ್ನು ಎಷ್ಟೋ ಸಂಜೆ ನೋಡಿದ್ದಳು. ತಿರುಪು ತಿರುಗಿಸಿದಂತೆ ನಕ್ಷತ್ರದ ಚುಕ್ಕಿ ಊದುತ್ತದೆ, ನಡುವೆ ತೂತಿರುವ ಉದ್ದಿನ ವಡೆಯಂತೆ ಆಗುತ್ತದೆ. ಆ ವಡೆ ಎಂದರೆ ಕನ್ನಡಿಯೇ. ಕನ್ನಡಿಯ ಮೇಲೆ ಇರುವುದೆಲ್ಲ ಅದರ ಮೇಲೆ ಬರುತ್ತದೆ. ಒಂದು ಸಲ ಕನ್ನಡಿಯ ಮೇಲೆ ಬಿದ್ದಿದ್ದ ಹತ್ತಿಯ ಎಳೆ ಕೂಡ ಬಂದಿತ್ತು. ಅವಳ ಬೆರಳು ತಿರುಪಿನ ಮೇಲೆ ಇತ್ತು. ಹಿಂದೆ ಬಂಡೆಯ ಮೇಲೆ ಟಾರ್ಚಿನ ಬೆಳಕು ಹತ್ತಿ ಬಂತು. ಅವ್ವ ಕ್ಯಾರಿಯರಿನಲ್ಲಿ ಸಾರ್‌ಗೆ ಮುದ್ದೆ, ಹುರುಳಿ ಸಾರು ತಂದಿದ್ದಳು. ಚಪ್ಪಲಿ ಬಿಟ್ಟು ಟಾರ್ಚು ಆರಿಸಿ ಬಾಗಿಲ ಒಳಗೆ ನಿಂತಳು. ತಿರುಗಿಸು, ಭಯಪಡಬೇಡ, ಏನೂ ಮುರಿಯಲ್ಲ ಎಂದರು ಸಾರ್.

ಅವಳು ತಿರುಗಿಸಿದಳು. ಚುಕ್ಕಿ ದಪ್ಪವಾಯಿತು, ಗುಂಡಗಾಯಿತು, ಪರದೆಯ ತುಂಬ ಅರಳಿ ನಿಂತು ಸಣ್ಣಗೆ ನಡುಗಿತು. ಬೆಳ್ಳಗಿನ ಉಂಗುರದ ಮೇಲಿನ ಅರ್ಧದಲ್ಲಿ ಕಪ್ಪಗೆ ಒಂದು ಬೊಟ್ಟು. ಬೊಟ್ಟಿನಿಂದ ಪಕ್ಕಕ್ಕೆ ಬಾಚಿದಂಥ ಗೆರೆಗಳು.

ಸಾರ್ ಕನ್ನಡಕ ಮೇಲೆತ್ತಿ ಪರದೆಗೆ ಮುಖ ತಂದರು. ಬೆರಳಿಂದ ಪರದೆಯನ್ನೇ ಒಮ್ಮೆ ಒರೆಸಿದರು. ಎದ್ದು ಹೋಗಿ ಕೆಂಪು ಟಾರ್ಚು ಹಿಡಿದು ಕಪ್ಪು ಬಟ್ಟೆ ಬಿಡಿಸಿ ಒಳಗೆ ಬಗ್ಗಿದರು. ಕನ್ನಡಿಯಿಂದ ಕೆಂಪು ಬೆಳಕು ಎದ್ದು ಅವರ ಗದ್ದದ ಕೆಳಗೆ ಆಡುತ್ತಿತ್ತು.

"ಕುಂಕುಮ," ಎಂದರು. ಕೇಳಿದ್ದಲ್ಲ, ಅವರಿಗೇ ಹೇಳಿಕೊಂಡದ್ದು. ಆಮೇಲೆ, "ಯಾರಮ್ಮ ಇಟ್ಟೋರು?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಸ್ಕೂಲಿಗೆ ಬಂದ ಸಾಹೇಬರ ದನಿಯಲ್ಲಿ ಇದ್ದಂಥದೇ ಕನಿಕರ ಇತ್ತು. ಸುಧ ಅವ್ವನ ಕಡೆ ನೋಡಲಿಲ್ಲ. ನೋಡಿದರೆ ಸಾರ್ ಕೂಡ ಅತ್ತ ನೋಡುತ್ತಾರೆ. ಬೋಳು ಹಣೆಯನ್ನು ನೋಡುತ್ತಾರೆ, ಮತ್ತೆ ಕನ್ನಡಿಯನ್ನು ನೋಡುತ್ತಾರೆ, ಎಲ್ಲ ಅರ್ಥವಾಗಿಬಿಡುತ್ತದೆ. ಅದೊಂದು ಆಗಬಾರದು ಎಂಬುದೇ ಇಷ್ಟು ದಿನ ತನ್ನ ಬಾಯಿ ಕಟ್ಟಿದ್ದು ಎಂದು ಅವಳಿಗೆ ಈಗ ತಿಳಿಯಿತು. ಬೀಗದ ಕೈ ಆಮೇಲಿನದು.

"ನಾನೇ ಸಾರ್," ಎಂದಳು. ದನಿ ಬಂದದ್ದು ಅವಳಿಗೇ ಆಶ್ಚರ್ಯ. "ಒರೆಸಿದ್ದೂ ನಾನೇ."

ಹೇಳಿದ ಮೇಲೆ ಹಗುರವಾಯಿತು. ಆ ಹಗುರದಲ್ಲೇ ಒಂದು ಸಣ್ಣ ಆಸೆ ಎದ್ದಿತು, ಅದನ್ನು ಅವಳು ಬೇಡಿರಲಿಲ್ಲ: ಅವ್ವ ಈಗ, ಕತ್ತಲೆಯಲ್ಲಿ, ಅಲ್ಲ ಸಾಮಿ ಅನ್ನುತ್ತಾಳೆ. ಹಾಗೆ ಅಂದರೆ, ಬೇಡವ್ವ ಎನ್ನಲು ತಾನು ಇದ್ದೇನೆ. ಅವ್ವ ಅಷ್ಟು ಅಂದರೆ ಸಾಕು.

ಬಾಗಿಲ ಹತ್ತಿರ ಕ್ಯಾರಿಯರು ನೆಲಕ್ಕೆ ಇಟ್ಟ ಸದ್ದಾಯಿತು. "ನಾ ಯೋಳಿದ್ದೆ ಕಣ್ ಸಾಮಿ," ಎಂದಳು ಅವ್ವ. "ಸಾಮಿಗೋಳು ಬ್ಯಾಡ ಅಂದವ್ರೆ, ಅದ್ನ ಮುಟ್ಬ್ಯಾಡ ಕಣವ್ವ ಅಂತ ಬಡ್ಕಂಡೆ. ನನ್ ಮಾತೆಲ್ಲಿ ಕೇಳಾಳು. ಬುದ್ಧಿ ಇಲ್ಲ ಇವುಕ್ಕೆ, ಅರ್ಧಕ್ಕೇ ಇಸ್ಕೂಲ್ ಬುಟ್ಟೋಳು." ದನಿ ದೊಡ್ಡದಾಗಿತ್ತು, ಹೊಲದ ಆಚೆಯವರಿಗೆ ಕೇಳಿಸುವಂತೆ. ಕೊನೆಗೆ ಮಾತ್ರ ಸ್ವಲ್ಪ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡಳು.

ಬಿಡಿ ತಿಮ್ಮಮ್ಮನೋರೆ, ಬೈಯಬೇಡಿ ಎಂದರು ಸಾರ್. ಸ್ಟೂಲಿನ ಮೇಲೆ ಸುಧ ಇದ್ದುದರಿಂದ ಅವರು ಡಬ್ಬದ ಮೇಲೆ ಕೂತರು. ಗಾಜಿಗೇನೂ ಆಗಿಲ್ಲ, ಲೇಪ ಹೋಗಿದೆ. ಕುಂಕುಮದಲ್ಲಿ ಸುಣ್ಣ ಇರುತ್ತಲ್ಲ, ಅದು ತಿಂದುಬಿಟ್ಟಿದೆ. ಸೋಮವಾರ ಬಂದು ಕನ್ನಡಿ ಬಿಚ್ಚಿಕೊಂಡು ಹೋಗುತ್ತೇನೆ, ಹಳೆಯದನ್ನೆಲ್ಲ ತೊಳೆದು ಹೊಸದಾಗಿ ಹಾಕಿಸಬೇಕು, ಎಷ್ಟು ದಿನ ಹಿಡಿಯುತ್ತೋ ನೋಡೋಣ ಎಂದರು. ಎಲ್ಲವನ್ನೂ ಮೆತ್ತಗೆ, ಕಾಯಿಲೆಯವರ ಮನೆಯಲ್ಲಿ ಮಾತಾಡುವ ಹಾಗೆ ಹೇಳಿದರು. ಆಮೇಲೆ ಅದೇ ದನಿಯಲ್ಲಿ, ಅವಳ ಕಡೆ ನೋಡದೆ, ಕ್ಯಾಮರಾದ ವೈರನ್ನು ನೇರ ಮಾಡುತ್ತ, "ಬೀಗದ ಕೈ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ ಕಣಮ್ಮ," ಎಂದರು. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅದನ್ನು ತೆಗೆದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಕೆಂಪು ದಾರವನ್ನು ಬಿಚ್ಚಿಕೊಳ್ಳಬೇಕೆನಿಸಿತು. ಬಿಚ್ಚುತ್ತ ಕೂರುವುದು ಚೆನ್ನಾಗಿರುವುದಿಲ್ಲ ಎಂದು ಬಿಟ್ಟಳು.

ಸಾರ್ ಅಷ್ಟಕ್ಕೇ ಕಳಿಸಿದ್ದರೆ ಆಗುತ್ತಿತ್ತು. ಬಂದಿದ್ದೀವಿ, ಆಕಾಶ ಚೆನ್ನಾಗಿದೆ, ತೆಗಿ ಎಂದರು. ಅವಳು ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ಬೊಟ್ಟು, ಗೆರೆ, ಉಂಗುರ ಎಲ್ಲ ಒಳಕ್ಕೆ ಸೆಳೆದುಕೊಂಡು ಮತ್ತೆ ಸೂಜಿಮೊನೆಯಷ್ಟು ಚುಕ್ಕಿಯಾದವು. ದೂರದರ್ಶಕ ಸ್ವಲ್ಪ ಸರಿಯಿತು. ಗುಂಡಿ ಒತ್ತಿದಳು. ಒಂದರ ಮೇಲೊಂದು ಚಿತ್ರ ಬಿದ್ದು, ಅವೆಲ್ಲ ಒಂದಾಗಿ, ಕತ್ತಲೆಯೊಳಗಿಂದ ಮೊಟ್ಟೆ ಹಾಳೆ ಮೇಲೆದ್ದು ಬಂತು. ನಡುವೆ ಒತ್ತೊತ್ತಾಗಿ, ಅಂಚಿನಲ್ಲಿ ಚದುರಿ, ಕೊನೆಗೆ ಒಂದೊಂದೇ. ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ಅವಳು ಬಗ್ಗಿ ಹುಡುಕಿದಳು. ಸಾರ್ ಅದನ್ನು ನೋಡಿ, ಅದು ಫೋಟೋದಲ್ಲಿ ಕಾಣಲ್ಲ ಎಂದು ಹೇಳಿದರು. ಒಂದೊಂದು ನಕ್ಷತ್ರಕ್ಕೂ ಇಡೀ ಕನ್ನಡಿ ಕೆಲಸ ಮಾಡುತ್ತೆ, ಚೂರು ಜಾಗ ಹೋದರೆ ಮಿಕ್ಕಿದ್ದು ತುಂಬಿಕೊಡುತ್ತೆ. ಫೋಕಸ್ ಕೆಡಿಸದೆ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಹಾಗೆಂದು ಅವರು ಸಣ್ಣಗೆ ನಕ್ಕರು. ಚೆನ್ನಾಗಿ ಬಂದಿದೆ, ಫೋನಿಗೆ ಕಳಿಸುತ್ತೇನೆ ಎಂದರು. ಮೊಟ್ಟೆ ಹಾಳೆ ಅನ್ನಲಿಲ್ಲ. ಗುಚ್ಛ ಎಂದರು.

ಹೊರಡುವಾಗ ಅವಳೇ ಶೀಟು ಎಳೆಯಲು ಹಗ್ಗ ಹಿಡಿದಳು. ಇರಲಿ, ನಾನು ಎಳ್ಕೋತೀನಿ, ನೀವು ಹೊರಡಿ, ಹೊತ್ತಾಯ್ತು ಎಂದರು. ಅವ್ವ ಮುಂದೆ, ಅವಳು ಹಿಂದೆ ಬಂಡೆ ಇಳಿದರು. ಟಾರ್ಚು ಅವ್ವನ ಕೈಯಲ್ಲಿತ್ತು. ಬದುವಿನ ಮೇಲೆ ಬರುವಾಗ ಹಿಪ್ಪುನೇರಳೆಯ ಹಸಿ ವಾಸನೆ ಎದ್ದಿತು. ಬೈದದ್ದಕ್ಕೆ ಅವ್ವ ಏನಾದರೂ ಅಂದಾಳು ಎಂದು ಸುಧ ಕಾದಳು. ಅನ್ನದಿದ್ದರೂ ಸರಿ ಎಂದುಕೊಂಡಳು. ಅರ್ಧ ಹೆಜ್ಜೆ ಹಿಂದಕ್ಕೆ ಸರಿದು ಸರಿದು ರೂಢಿಯಾದವಳು ಇವತ್ತು ಇನ್ನೂ ಸ್ವಲ್ಪ ಸರಿದಿದ್ದಾಳೆ, ಅಷ್ಟೇ. ಹಿಂದೆ ಮಗಳು ನಿಂತಿದ್ದು ಕಾಣಲಿಲ್ಲ. ಸಿಟ್ಟು ಬರಬೇಕಾಗಿತ್ತು. ಅದನ್ನು ಎಲ್ಲಿಂದ ತರುವುದೆಂದು ಗೊತ್ತಾಗದೆ ಅವಳು ಟಾರ್ಚಿನ ಬೆಳಕಿನ ಅಂಚಿನಲ್ಲಿ ಅವ್ವನ ಹಿಮ್ಮಡಿಗಳನ್ನೇ ನೋಡುತ್ತ ನಡೆದಳು.

ಮನೆಯ ಹತ್ತಿರ ಬಂದಾಗ ಹಿಮ್ಮಡಿಗಳು ನಿಂತವು. ಅವ್ವ ತಿರುಗಲಿಲ್ಲ. ಟಾರ್ಚನ್ನು ನೆಲಕ್ಕೆ ಹಿಡಿದುಕೊಂಡೇ ಕೇಳಿದಳು.

"ಮಗ, ಆ ಬೊಟ್ಟು ಇನ್ನೂ ಅಲ್ಲೇ ಐತಾ?"

ಸೋಮವಾರ, ತೊಳೆಯುವುದು, ಹೊಸ ಲೇಪ ಎಲ್ಲ ಅವಳ ನಾಲಿಗೆಯ ತುದಿಗೆ ಬಂದವು. ಅದನ್ನೆಲ್ಲ ಅವ್ವನೂ ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು, ಆದರೂ ಕೇಳುತ್ತಿದ್ದಳು.

"ಐತೆ ಕಣವ್ವ," ಎಂದಳು ಸುಧ.

ಅವ್ವ ಟಾರ್ಚು ಆರಿಸಿ ಕತ್ತಲೆಯಲ್ಲೇ ಬಾಗಿಲ ಚಿಲಕ ಹುಡುಕಿದಳು.